ನಮ್ಮ ಕಡಲಿಗೆ ಇನ್ನೂ ಸಿನಿಮಾ ಬಂದಿಲ್ಲ

ಹೋದ ತಿಂಗಳು ನಮ್ಮ ಕನ್ನಡ ಸಂಘದ ಸಿನಿಮಾ ಸಂಜೆಗೆ ನಾವು ಹಾಕಿದ್ದು ಇಂಗ್ಲಿಷ್ ಸಿನಿಮಾ. ‘ದ ಡೇ ಆಫ್ಟರ್ ಟುಮಾರೋ’. ಕನ್ನಡ ಸಂಘದಲ್ಲಿ ಇಂಗ್ಲಿಷ್ ಸಿನಿಮಾ ಎಂತಕ್ಕೆ ಅಂತ ಗಲಾಟೆ ಆಯ್ತು, ಆಗಬೇಕಾದ್ದೇ. ವಿಷಯ ಹವಾಮಾನ ಬದಲಾವಣೆ ಅಂತ ಗೊತ್ತುಮಾಡಿದ ಮೇಲೆ ಎರಡು ದಿನ ಕೂತು ಹುಡುಕಿದ್ವಿ. ಪ್ರವಾಹ, ಚಂಡಮಾರುತ, ಕಡಲ್ಕೊರೆತವನ್ನೇ ಕತೆ ಮಾಡಿಕೊಂಡ ಒಂದು ದೊಡ್ಡ ಕನ್ನಡ ಸಿನಿಮಾ ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ. ನಿಮಗೆ ನೆನಪಾದರೆ ದಯವಿಟ್ಟು ತಿಳಿಸಿ, ಮುಂದಿನ ಸಲ ಅದನ್ನೇ ಹಾಕೋಣ.

ಸಿನಿಮಾ ಶುರುವಾಯ್ತು. ನ್ಯೂಯಾರ್ಕಿನ ಮೇಲೆ ಸಮುದ್ರ ಎದ್ದು ಬಂತು, ಹಿಂದಿನ ಸಾಲಿನಿಂದ ಸಿಳ್ಳೆ ಬಂತು. ಆಮೇಲೆ ಊರಿಡೀ ಹಿಮಗಡ್ಡೆ. ಮುಗಿದ ಮೇಲೆ ಚರ್ಚೆ ಅಂತ ಇಟ್ಟಿದ್ವಿ, ಅರ್ಧ ಜನ ಮೆಸ್‌ಗೆ ಓಡಿದರು. ಉಳಿದವರಲ್ಲಿ ಸಿವಿಲ್ ಮೊದಲ ವರ್ಷದ ಒಬ್ಬ ಹುಡುಗ, ಮರವಂತೆ ಕಡೆಯವನು, ಎದ್ದು ನಿಂತು ಒಂದೇ ಮಾತು ಹೇಳಿದ: “ಇಷ್ಟ್ ದೊಡ್ಡ ತೆರಿ ಬಂದ್ರೆ ಎಲ್ಲರೂ ನಂಬ್ತ್ರ್. ನಮ್ಮಲ್ಲಿ ಬಪ್ಪುದ್ ಸಣ್ಣ ಸಣ್ಣದ್.”

ಅವನು ಹೇಳಿದ್ದು ತಲೆಯಲ್ಲೇ ಕೂತುಬಿಟ್ಟಿತು. ಈ ಲೇಖನ ಅಲ್ಲಿಂದಲೇ ಹುಟ್ಟಿದ್ದು.

ಸಿನಿಮಾ ನೋಡಿ ಜನ ಬದಲಾಗ್ತಾರಾ ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋಕೆ ಇದೇ ಸಿನಿಮಾ ಒಳ್ಳೆಯ ಕೇಸು. 2004ರ ಮೇ ತಿಂಗಳಲ್ಲಿ ಬಿಡುಗಡೆಯಾದ ಇದನ್ನು ಅಮೆರಿಕದಲ್ಲಿ ಹತ್ತು ವಯಸ್ಕರಲ್ಲಿ ಒಬ್ಬರು ನೋಡಿದ್ದರು. ಆಗಲೇ ಆಂಥೊನಿ ಲೈಸರೋವಿಟ್ಜ್ ಅನ್ನೋ ಸಂಶೋಧಕ ದೇಶವ್ಯಾಪಿ ಸಮೀಕ್ಷೆ ಮಾಡಿದ. ನೋಡಿದವರಿಗೆ ನೋಡದವರಿಗಿಂತ ಹವಾಮಾನದ ಬಗ್ಗೆ ಆತಂಕ ಹೆಚ್ಚಿತ್ತು, ಏನಾದರೂ ಮಾಡಬೇಕು ಅನ್ನೋ ಮನಸ್ಸೂ ಹೆಚ್ಚಿತ್ತು. ಪತ್ರಿಕೆಗಳಲ್ಲಿ ಈ ಸಿನಿಮಾಕ್ಕೆ ಸಿಕ್ಕಿದ ಜಾಗ, 2001ರಲ್ಲಿ ಬಂದ ಐಪಿಸಿಸಿ ವರದಿಗೆ ಸಿಕ್ಕಿದ್ದರ ಹತ್ತು ಪಟ್ಟಿಗೂ ಮಿಕ್ಕಿ. ಸಾವಿರಾರು ಪುಟದ ವಿಜ್ಞಾನಿಗಳ ವರದಿಯನ್ನು ಎರಡು ಗಂಟೆಯ ಸಿನಿಮಾ ಹೊಡೆದುಹಾಕಿತು. ಆದರೆ ಇಡೀ ದೇಶದ ಅಭಿಪ್ರಾಯ ತಗೊಂಡರೆ ಬದಲಾವಣೆ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಬ್ರಿಟನ್‌ನಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಫಲಿತಾಂಶ ಸ್ವಲ್ಪ ಉಲ್ಟಾನೇ ಬಂತು: ನೋಡಿದವರಿಗೆ ಕಾಳಜಿ ಏರಿತು, ಆದರೆ ಇಂಥ ಭಯಂಕರ ಘಟನೆ ನಿಜಕ್ಕೂ ಆದೀತು ಅನ್ನೋ ನಂಬಿಕೆ ಇಳಿಯಿತು. ಅಲ್ಲೇ ಇದೆ ನೋಡಿ ಸಮಸ್ಯೆ. ವಾರದೊಳಗೆ ಹಿಮಯುಗ ತಂದರೆ ನೋಡುವವನು ಸಿನಿಮಾನೂ ಸುಳ್ಳು, ವಿಷಯಾನೂ ಸುಳ್ಳು ಅಂತ ಎರಡನ್ನೂ ಒಟ್ಟಿಗೆ ತಳ್ಳಿಹಾಕ್ತಾನೆ. ಅಟ್ಲಾಂಟಿಕ್ ಸಾಗರದ ಪ್ರವಾಹ ದುರ್ಬಲ ಆಗೋ ಸಾಧ್ಯತೆಯನ್ನು ವಿಜ್ಞಾನಿಗಳು ಗಂಭೀರವಾಗಿಯೇ ನೋಡ್ತಾರೆ. ಅದು ನಡೆಯೋದು ದಶಕಗಳಲ್ಲಿ, ಇಂಟರ್ವಲ್ ಮುಗಿಯೋದರೊಳಗೆ ಅಲ್ಲ.

ರಾಜಕೀಯದ ಕತೆ ಇನ್ನೂ ಮಜಾ ಇದೆ. ಸಿನಿಮಾ ಬರುವ ಮೊದಲು ನಾಸಾ ಸಂಸ್ಥೆಯೊಳಗೆ ಒಂದು ಇಮೇಲ್ ಓಡಾಡಿತು, ಈ ಸಿನಿಮಾ ಬಗ್ಗೆ ಯಾರೂ ಮಾತಾಡಬೇಡಿ ಅಂತ. ಪತ್ರಿಕೆಯಲ್ಲಿ ಸುದ್ದಿಯಾದ ಮೇಲೆ ಸಡಿಲ ಮಾಡಿದರು. ಒಂದು ಸಿನಿಮಾಕ್ಕೆ ಸರ್ಕಾರಿ ಸಂಸ್ಥೆ ಇಷ್ಟು ಹೆದರಿತ್ತು ಅಂದ್ರೆ ಅದಕ್ಕೆ ಶಕ್ತಿ ಇದ್ದದ್ದು ಹೌದು. ಅಲ್ ಗೋರ್ ಸೇರಿ ಪರಿಸರದವರು ಇದೇ ಅವಕಾಶ ಹಿಡಿದುಕೊಂಡು ಪ್ರಚಾರಕ್ಕಿಳಿದರು. ಅಮೆರಿಕದ ಸೆನೆಟ್‌ನಲ್ಲಿ ಇಂಗಾಲದ ಹೊರಸೂಸುವಿಕೆಗೆ ಮಿತಿ ಹಾಕೋ ಮೆಕೇನ್-ಲೀಬರ್‌ಮನ್ ಮಸೂದೆ 2003ರ ಅಕ್ಟೋಬರಿನಲ್ಲಿ 43-55ರಲ್ಲಿ ಸೋತಿತ್ತು. ಸಿನಿಮಾ ಬಂದು ಹೋಯ್ತು. 2005ರಲ್ಲಿ ಮಸೂದೆ ಮತ್ತೆ ಬಂತು, 38-60ರಲ್ಲಿ ಸೋತಿತು. ಮೊದಲಿಗಿಂತ ಐದು ವೋಟು ಕಮ್ಮಿ! ಎರಡನೇ ಸಲ ಅಣುವಿದ್ಯುತ್ತಿಗೆ ನೆರವಿನ ಅಂಶ ಸೇರಿಸಿದ್ದರಿಂದ ಕೆಲವರು ಕೈಬಿಟ್ಟರು ಅನ್ನೋದೂ ಇದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಆದರೂ ಸಿನಿಮಾ ನೋಡಿ ಯಾವ ಸೆನೆಟರನೂ ಮನಸ್ಸು ಬದಲಾಯಿಸಿ ಬಂದ ಲಕ್ಷಣ ಕಾಣೋದಿಲ್ಲ.

ಹಾಗಾದ್ರೆ ಸಿನಿಮಾದಿಂದ ಏನೂ ಆಗಲ್ಲ ಅಂತ ಮುಗಿಸಿಬಿಡಬಹುದಿತ್ತು. ಆದರೆ ಅದಕ್ಕೆ ಉಲ್ಟಾ ಸಾಕ್ಷಿ ನಮ್ಮ ಹಿತ್ತಲಲ್ಲೇ ಇದೆಯಲ್ಲ.

‘ಕಾಂತಾರ’ ಬಿಡುಗಡೆಯಾದದ್ದು 2022ರ ಸೆಪ್ಟೆಂಬರ್ 30ಕ್ಕೆ. ಚಿತ್ರೀಕರಣ ನಡೆದದ್ದು ಕುಂದಾಪುರ ತಾಲೂಕಿನ ಕೆರಾಡಿಯಲ್ಲಿ, ರಿಷಬ್ ಶೆಟ್ಟಿಯವರ ಊರಲ್ಲಿ. ನಮ್ಮಲ್ಲಿ ಕೆಲವರ ಮನೆಯವರು ಆ ಸೆಟ್ ನೋಡೋಕೆ ಹೋಗಿ ಬಂದಿದ್ದರು. ಸಿನಿಮಾ ಬಂದು ಮೂರು ವಾರ ಆಗಿರಲಿಲ್ಲ, ಆ ಅಕ್ಟೋಬರಿನಲ್ಲೇ ರಾಜ್ಯ ಸರ್ಕಾರ 60 ವರ್ಷ ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2,000 ರೂಪಾಯಿ ಮಾಸಾಶನ ಘೋಷಿಸಿತು. ದೈವಕ್ಕೆ ಗಗ್ಗರ ಕಟ್ಟಿ ಕುಣಿದು ಮೊಣಕಾಲು ಸೋತ ಹಿರಿಯರು ತಲೆಮಾರುಗಳಿಂದ ಇಲ್ಲೇ ಇದ್ದರು. ಬೆಂಗಳೂರಿನ ಕಣ್ಣಿಗೆ ಅವರು ಕಂಡದ್ದು ಸಿನಿಮಾ ಬಂದ ಮೇಲೆ.

ಇದು ಯಾಕೆ ಆಯ್ತು, ಅಮೆರಿಕದಲ್ಲಿ ಅದು ಯಾಕೆ ಆಗಲಿಲ್ಲ? ನಮಗೆ ಅನ್ನಿಸೋದು ಇಷ್ಟು. ‘ಕಾಂತಾರ’ದಲ್ಲಿ ಒಂದು ಮುಖ ಇತ್ತು, ಆ ಮುಖದ ಹಿಂದೆ ನಿಜವಾದ ಜನ ಇದ್ದರು, ಮತ್ತು ಅವರಿಗೆ ಕೊಡಬಹುದಾದ ಒಂದು ಸಣ್ಣ ವಸ್ತು ಸಿದ್ಧವಾಗಿತ್ತು. ಒಂದು ಆದೇಶ, ಒಂದು ಮೊತ್ತ, ಒಂದು ಪಟ್ಟಿ. ಯಾರಿಗೂ ಬೇಜಾರಿಲ್ಲ, ಎಲ್ಲರಿಂದಲೂ ಚಪ್ಪಾಳೆ. ಸಿನಿಮಾ ಕೊಡೋದು ಗಮನವನ್ನು ಮಾತ್ರ, ಅದೂ ಕೆಲವು ವಾರದ ಮಟ್ಟಿಗೆ. ಆ ವಾರಗಳಲ್ಲಿ ಕೈಗೆ ಸಿಗುವ ಬೇಡಿಕೆ ಇದ್ದರೆ ಏನಾದರೂ ಆಗುತ್ತೆ. ‘ಭೂಮಿ ಉಳಿಸಿ’ ಅನ್ನೋದು ಬೇಡಿಕೆ ಅಲ್ಲ, ಅದು ಬ್ಯಾನರ್.

ಅದೇ ಸಿನಿಮಾದ ಇನ್ನೊಂದು ಅರ್ಧವನ್ನು ತಗೊಳ್ಳಿ. ಕಾಡು ಯಾರದ್ದು ಅನ್ನೋ ಜಗಳ. ಸಿನಿಮಾ ಸೂಪರ್ ಹಿಟ್, ರಿಷಬ್ ಶೆಟ್ಟಿಯವರಿಗೆ ರಾಷ್ಟ್ರಪ್ರಶಸ್ತಿ, ಆದರೆ ಕಾಡಿನ ಅಂಚಿನ ಮನೆಗಳ ಹಕ್ಕುಪತ್ರದ ವಿಷಯದಲ್ಲಿ ಮೂರು ವಾರದಲ್ಲಿ ಯಾವ ಆದೇಶವೂ ಬರಲಿಲ್ಲ. ಅದಕ್ಕೆ ಸಣ್ಣ ಮೊತ್ತ ಸಾಲೋದಿಲ್ಲ. ಪಶ್ಚಿಮ ಘಟ್ಟದ ವಿಚಾರದಲ್ಲಿ ನಮ್ಮ ತಾಲೂಕುಗಳ ಘಟ್ಟದ ಬುಡದ ಹಳ್ಳಿಗಳು ಎಷ್ಟು ವರ್ಷದಿಂದ ಗೊಂದಲದಲ್ಲಿವೆ ಅಂತ ಆ ಕಡೆಯಿಂದ ಬರುವವರಿಗೆ ಗೊತ್ತು. 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ, ಆಮೇಲೆ ಒಂದರ ಮೇಲೊಂದು ಕರಡು ಅಧಿಸೂಚನೆ. ವಯನಾಡಿನಲ್ಲಿ 2024ರ ಜುಲೈ 30ರಂದು ಗುಡ್ಡ ಕುಸಿದು ಊರಿಗೆ ಊರೇ ಹೋಯ್ತು, ಮರುದಿನವೇ ಕೇಂದ್ರದಿಂದ ಆರನೇ ಕರಡು ಬಂತು. ಅದರಲ್ಲಿ ಕರ್ನಾಟಕದ್ದೇ 20,668 ಚದರ ಕಿ.ಮೀ. ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿ ಬೇಡ ಅಂತ ತೀರ್ಮಾನಿಸಿತು. ನಮ್ಮ ಸಂಘದಲ್ಲೇ ಇದರ ಬಗ್ಗೆ ಎರಡು ಪಕ್ಷ ಇದೆ, ಮುಚ್ಚುಮರೆ ಎಂತ. ಅಡಿಕೆ ತೋಟ ಇರುವ ಮನೆಯವರಿಗೆ ವರದಿ ಅಂದ್ರೆ ಒಕ್ಕಲೆಬ್ಬಿಸುವ ಹೆದರಿಕೆ, ಹೊಳೆ ಬದಿಯವರಿಗೆ ಮೇಲಿನ ಗುಡ್ಡ ಜಾರಿದರೆ ಅನ್ನೋ ಹೆದರಿಕೆ. ಎರಡೂ ನಿಜವಾದ ಹೆದರಿಕೆಯೇ. ಇಂಥದ್ದನ್ನು ಬಿಡಿಸಿ ಹೇಳೋಕೆ ಸಿನಿಮಾಕ್ಕೆ ಆದೀತಾ? ಗೊತ್ತಿಲ್ಲ. ಇಲ್ಲಿಯವರೆಗೆ ಆಗಿಲ್ಲ.

ಮಲಯಾಳಂನವರು ಪ್ರಯತ್ನ ಮಾಡಿದ್ದಾರೆ ಅಂತ ಒಪ್ಪಿಕೊಳ್ಳಬೇಕು. 2018ರ ಆಗಸ್ಟಿನ ಪ್ರವಾಹದ ಮೇಲೆ ಜೂಡ್ ಆಂಥನಿ ಜೋಸೆಫ್ ಮಾಡಿದ ‘2018’ ಸಿನಿಮಾ 2023ರಲ್ಲಿ ಬಂತು, ದುಡ್ಡು ಬಾಚಿತು, ಭಾರತದಿಂದ ಆಸ್ಕರ್‌ಗೂ ಹೋಯ್ತು. ನಾವು ಹಾಸ್ಟೆಲ್ ರೂಮಲ್ಲಿ ಲ್ಯಾಪ್‌ಟಾಪ್ ಮುಂದೆ ಗುಂಪುಕಟ್ಟಿ ನೋಡಿದ್ವಿ, ಕಣ್ಣಲ್ಲಿ ನೀರು ಬಂದದ್ದೂ ಹೌದು. ದೋಣಿ ಹೊತ್ತುಕೊಂಡು ಬರುವ ಮೀನುಗಾರರನ್ನು ನೋಡಿದಾಗ ಗಂಗೊಳ್ಳಿ ಹುಡುಗರು ಎದೆ ಸೆಟೆಸಿ ಕೂತಿದ್ದರು. ಆದರೆ ಅದು ಜನ ಹೇಗೆ ಒಗ್ಗಟ್ಟಾದರು ಅನ್ನೋ ಕತೆ. ನೀರು ಯಾಕೆ ಅಷ್ಟು ಬಂತು, ಅಣೆಕಟ್ಟಿನ ಬಾಗಿಲು ಯಾವಾಗ ತೆಗೀಬೇಕಿತ್ತು, ಗುಡ್ಡಕ್ಕೆ ಏನು ಮಾಡಿದ್ವಿ ಅನ್ನೋದು ಅದರ ಮುಖ್ಯ ಕತೆ ಅಲ್ಲ. ಎಲ್ಲರೂ ಹೀರೋ ಅಂದಾಗ ಯಾರನ್ನೂ ಪ್ರಶ್ನೆ ಕೇಳೋ ಅವಶ್ಯಕತೆ ಬರೋದಿಲ್ಲ. ಸರ್ಕಾರಗಳಿಗೂ ಇಂಥ ಸಿನಿಮಾ ಬಹಳ ಇಷ್ಟ. ಅದೇ ಆಗಸ್ಟಿನಲ್ಲಿ ನಮ್ಮ ಕೊಡಗಿನ ಗುಡ್ಡಗಳೂ ಜಾರಿದ್ದವು. ಅವರಿಗೆ ಅಂಥ ಒಂದು ಸಿನಿಮಾನೂ ಸಿಗಲಿಲ್ಲ.

ಈಗ ನಮ್ಮ ಊರಿಗೆ ಬರುವ. ಮರವಂತೆ ಎಲ್ಲರಿಗೂ ಗೊತ್ತು: ಹೆದ್ದಾರಿ 66ರ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಡ್ರೋನ್ ಹಾರಿಸಿದರೆ ಸಿನಿಮಾ ಶಾಟ್ ತನ್ನಷ್ಟಕ್ಕೆ ಬರುತ್ತೆ. ಆ ರಸ್ತೆಯ ಎರಡು ಬದಿಯ ನಡುವೆ ಇರೋ ಅಂತರ ನೋಡಿದ ಯಾವ ಇಂಜಿನಿಯರಿಂಗ್ ವಿದ್ಯಾರ್ಥಿಗಾದರೂ ಮೊದಲು ಹೊಳೆಯಬೇಕಾದದ್ದು ಸೆಲ್ಫಿ ಅಲ್ಲ. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಅಲ್ಲಿ ಕಡಲಿಗೆ ಚಾಚಿದ ಕಲ್ಲಿನ ಗ್ರಾಯ್ನ್‌ಗಳು ಬಂದಿವೆ. ಗ್ರಾಯ್ನ್ ಹೇಗೆ ಕೆಲಸ ಮಾಡುತ್ತೆ ಅಂತ ಸಿವಿಲ್‌ನವರಿಗೆ ಹೇಳಬೇಕಿಲ್ಲ, ಉಳಿದವರಿಗೆ: ದಂಡೆಗುಂಟ ಸಾಗುವ ಮರಳನ್ನು ಅದು ತಡೆದು ನಿಲ್ಲಿಸುತ್ತೆ. ಒಂದು ಬದಿ ಮರಳು ಕೂರುತ್ತೆ, ಇನ್ನೊಂದು ಬದಿಗೆ ಬರಬೇಕಾದ ಮರಳು ಬರೋದಿಲ್ಲ. ಹಾಗಾಗಿ ಒಂದು ಊರಿನ ಪರಿಹಾರ ಪಕ್ಕದ ಊರಿನ ಕೊರೆತ ಆಗಬಹುದು. ಬರೀ ಕಲ್ಲು ತಂದು ಸುರಿದರಂತೂ ಆ ಹುಡುಗನ ಅಜ್ಜ ಹೇಳುವ ಹಾಗೆ, “ಕಲ್ಲ್ ಹಾಕ್ತ್ರ್, ಕಡ್ಲ್ ತಕಂಡ್ ಹೋತ್ತ್.”

ಇದೆಲ್ಲ ಹವಾಮಾನ ಬದಲಾವಣೆಯ ಒಂದೇ ಖಾತೆಗೆ ಹಾಕೋಕೆ ನಾವು ತಯಾರಿಲ್ಲ. ಅಳಿವೆ ಬಾಗಿಲಿನ ಬ್ರೇಕ್‌ವಾಟರ್, ಹೊಳೆಯ ಮರಳು ತೆಗೆಯೋದು, ದಂಡೆಗೆ ತಾಗಿಕೊಂಡೇ ಕಟ್ಟೋದು, ಎಲ್ಲದಕ್ಕೂ ಪಾಲಿದೆ. ಆದರೆ ಸಮುದ್ರವೂ ಮೊದಲಿನ ಹಾಗಿಲ್ಲ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಸಂಖ್ಯೆ 1982-2000ಕ್ಕೆ ಹೋಲಿಸಿದರೆ 2001-2019ರಲ್ಲಿ ಶೇ. 52 ಹೆಚ್ಚು. ನೀರು ಬಿಸಿಯಾಗ್ತಿರೋದು ಇದಕ್ಕೆ ದೊಡ್ಡ ಕಾರಣ. ಅದೇ ವರ್ಷ ಮೇ ತಿಂಗಳಲ್ಲಿ ತೌಕ್ತೆ ಬಂತು. ನಮ್ಮ ದಂಡೆಗೆ ಬಡಿಯಲಿಲ್ಲ, ದೂರದಲ್ಲೇ ಹಾದು ಗುಜರಾತಿಗೆ ಹೋಯ್ತು. ಹಾದು ಹೋಗುವಾಗಲೇ ಬೈಂದೂರು ತಾಲೂಕಿನ ನಾಡದಲ್ಲಿ ಒಂದು ದಿನಕ್ಕೆ 385 ಮಿ.ಮೀ. ಮಳೆ, ದಂಡೆಯುದ್ದಕ್ಕೂ ರಸ್ತೆ, ತೆಂಗು, ದೋಣಿ ಅಂತ ನಷ್ಟದ ಪಟ್ಟಿ. ಅದಕ್ಕೂ ಮೊದಲು 2020ರ ಸೆಪ್ಟೆಂಬರ್ 20ರ ಭಾನುವಾರ ಉಡುಪಿ, ಬ್ರಹ್ಮಾವರ ಕಡೆ ಸ್ವರ್ಣಾ, ಸೀತಾ ಹೊಳೆಗಳು ಮನೆಯೊಳಗೆ ಬಂದಿದ್ದವು. ಆಗ ನಾವು ಶಾಲೆಯಲ್ಲಿ, ಕೊರೊನಾದ ಆನ್‌ಲೈನ್ ಕ್ಲಾಸು. ನೆಟ್ ಹೋಯ್ತು ಅಂತ ಖುಷಿಪಟ್ಟವರು ನಮ್ಮಲ್ಲಿದ್ದಾರೆ.

ಹೌದು, ಖುಷಿ. ಇದನ್ನೂ ಬರೆಯಲೇಬೇಕು. ರೆಡ್ ಅಲರ್ಟ್ ಅಂದ ಕೂಡಲೇ ನಮ್ಮ ಗ್ರೂಪಿನಲ್ಲಿ ಬರುವ ಮೊದಲ ಮೆಸೇಜು “ಡಿಸಿ ರಜೆ ಕೊಟ್ರಾ?” ಎರಡನೆಯದ್ದು, ಶಾಲೆಗೂ ಪಿಯುವಿಗೂ ರಜೆ, ಇಂಜಿನಿಯರಿಂಗಿನವರು ಮಾತ್ರ ಈಜಿಕೊಂಡು ಬರಬೇಕಾ ಅನ್ನೋ ಮೀಮು. ಮಳೆಗಾಲದಲ್ಲಿ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ನಮ್ಮಷ್ಟು ಶ್ರದ್ಧೆಯಿಂದ ಓದುವವರು ಇನ್ನಾರೂ ಇರಲಿಕ್ಕಿಲ್ಲ, ಬಣ್ಣ ನೋಡಿ ಮುಚ್ಚಿಡ್ತೇವೆ ಅಷ್ಟೆ. ಪರಿಸರ ಅಧ್ಯಯನದ ಪೇಪರನ್ನು ಹಿಂದಿನ ರಾತ್ರಿ ಓದಿ ಪಾಸಾದವರು ನಾವು. ಸರ್ಕಾರಕ್ಕೆ ಗಮನ ಇಲ್ಲ ಅಂತ ಬರೆಯುವಾಗ ಕೈ ಸ್ವಲ್ಪ ತಡೆಯುತ್ತೆ.

ಟಿವಿಯವರು ಬರ್ತಾರೆ, ಪ್ರತಿ ಜೂನ್‌ನಲ್ಲೂ. ಅಲೆ ಬಡಿಯೋದನ್ನೇ ಹತ್ತು ಸಲ ತಿರುಗಿಸಿ ಹಾಕಿ, ಹಿಂದೆ ಸಿನಿಮಾ ಮ್ಯೂಸಿಕ್ಕು ಕೊಟ್ಟು ‘ರಕ್ಕಸ ಅಲೆಗಳ ಅಬ್ಬರ’ ಅಂತ ಪಟ್ಟಿ ಬಿಡ್ತಾರೆ. ಅದೂ ಒಂದು ಡಿಸಾಸ್ಟರ್ ಸಿನಿಮಾವೇ, ಮೂರು ನಿಮಿಷದ್ದು. ಜನಪ್ರತಿನಿಧಿಗಳು ಬಂದು ನೋಡಿ ಭರವಸೆ ಕೊಟ್ಟು ಹೋಗ್ತಾರೆ. ಸೆಪ್ಟೆಂಬರಿಗೆ ಕಡಲು ಶಾಂತ, ಕ್ಯಾಮರಾ ಬೇರೆ ಕಡೆ. ಆದರೆ ಕಾಮಗಾರಿ ಅಂದಾಜುಪಟ್ಟಿ, ಟೆಂಡರು, ಪರವಾನಗಿ ನಡೆಯೋದು ಆ ಶಾಂತವಾದ ಎಂಟು ತಿಂಗಳಲ್ಲಿ. ಬಾವಿಗೆ ಉಪ್ಪು ನೀರು ಬರೋದೂ ಆಗಲೇ, ಬೇಸಿಗೆಯಲ್ಲಿ. ಉಪ್ಪು ನೀರಿಗೆ ಅಬ್ಬರ ಇಲ್ಲ. ಒಂದು ಕೊಡಪಾನದಲ್ಲಿ ತುಂಬಿಸಿ ತೋರಿಸಿದರೆ ಅದು ನೀರೇ.

ಗಮನಕ್ಕೆ ಮುಖ ಬೇಕು ಅಂದೆವಲ್ಲ, ಅದಕ್ಕೆ ಶಿರೂರನ್ನು ನೆನಪಿಸಿಕೊಳ್ಳಿ. ನಮ್ಮ ಬೈಂದೂರಿನ ಶಿರೂರು ಅಲ್ಲ, ಅಂಕೋಲದ್ದು. 2024ರ ಜುಲೈ 16ರಂದು ಹೆದ್ದಾರಿ 66ರ ಮೇಲೆ ಗುಡ್ಡ ಬಿದ್ದಾಗ ನಮ್ಮ ಶಿರೂರಿನವರಿಗೆ ಎಲ್ಲ ಕಡೆಯಿಂದ ಫೋನು ಬಂದಿತ್ತು. ಕೇರಳದ ಒಬ್ಬ ಲಾರಿ ಚಾಲಕನಿಗಾಗಿ ಮಲಯಾಳಂ ವಾಹಿನಿಗಳು ಅಲ್ಲೇ ಬೀಡುಬಿಟ್ಟವು. ಕೇರಳದ ಒತ್ತಡದಿಂದ ಹುಡುಕಾಟ ನಿಂತರೂ ಮತ್ತೆ ಶುರುವಾಯ್ತು, ಡ್ರೆಜರ್ ಬಂತು, ಎರಡು ತಿಂಗಳ ಮೇಲೆ ಗಂಗಾವಳಿಯ ತಳದಿಂದ ಲಾರಿಯೂ ಮೃತದೇಹವೂ ಸಿಕ್ಕಿತು. ಅದೇ ಮಣ್ಣಿನಡಿ ಹೋದ ಚಹಾದಂಗಡಿಯ ಸಂಸಾರದ ಬಗ್ಗೆ ನಮ್ಮ ಕನ್ನಡ ವಾಹಿನಿಗಳು ಅಷ್ಟು ದಿನ ನಿಂತವಾ? ಒಬ್ಬ ಮನುಷ್ಯನ ಕತೆ ಇಷ್ಟು ಮಾಡಬಲ್ಲದು ಅನ್ನೋದಕ್ಕೆ ಅದು ಸಾಕ್ಷಿ, ಬೇಡ ಅನ್ನೋ ಹಾಗಿಲ್ಲ. ಆದರೆ ಹೆದ್ದಾರಿ ಅಗಲ ಮಾಡುವಾಗ ಗುಡ್ಡವನ್ನು ನೇರಕ್ಕೆ ಕಡಿದ ಪ್ರಶ್ನೆ ಲಾರಿ ಸಿಕ್ಕಿದ ದಿನಕ್ಕೇ ತಣ್ಣಗಾಯ್ತು. ಬೈಂದೂರಿನ ಒತ್ತಿನೆಣೆಯಲ್ಲಿ ಗುಡ್ಡ ಕಡಿದ ಮೇಲೆ ಮಳೆಗಾಲದಲ್ಲಿ ಮಣ್ಣು ಜಾರಿದ್ದನ್ನು ದಿನಾ ಬಸ್ಸಿನಲ್ಲಿ ಹೋಗುವ ನಾವು ನೋಡಿದ್ದೇವೆ. ಇಳಿಜಾರು ಎಷ್ಟಿರಬೇಕು, ನೀರು ಹೋಗೋಕೆ ದಾರಿ ಎಲ್ಲಿ, ಇವು ನಮ್ಮ ಎರಡನೇ ವರ್ಷದ ಪಾಠ. ಅಲ್ಲಿ ಹೀರೋ ಇಲ್ಲ, ವಿಲನ್ ಯಾರು ಅಂತ ಬೆರಳು ತೋರಿಸೋಕೂ ಕಷ್ಟ.

ದೊಡ್ಡ ಹೆಸರಿದ್ದರೆ ಸಾಕು ಅಂತ ಯಾರಾದರೂ ಅಂದ್ರೆ ಕೋಟದ ಕಾರಂತಜ್ಜರನ್ನು ನೆನೆಯಬೇಕು. ಜ್ಞಾನಪೀಠ ಬಂದ ಮೇಲೆ, 87ನೇ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರದ ವಿರುದ್ಧ ಜನರ ಗಮನ ಸೆಳೆಯೋಕೆ 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. ಸೋತರು. ಗಮನ ಸಿಕ್ಕಿತು, ಸ್ಥಾವರವೂ ಎದ್ದಿತು.

ನಮಗೆ ಬೇಕಾದ ಸಿನಿಮಾ ಯಾವುದು ಅಂತ ಆ ರಾತ್ರಿ ಚರ್ಚೆ ಎಲ್ಲೆಲ್ಲೋ ಹೋಯ್ತು. ಕುಂದಾಪುರದ ಶಾಸ್ತ್ರಿ ಸರ್ಕಲ್ ಮೇಲೆ ಸುನಾಮಿ ತರಬೇಕು, ಗ್ರಾಫಿಕ್ಸ್ ನಾವೇ ಮಾಡುವ ಅಂತ ಕಂಪ್ಯೂಟರ್ ಸೈನ್ಸಿನವರು. ಬೇಡ ಅಂತ ನಾವು ಹೇಳಿದ್ವಿ. ಸುನಾಮಿಗೂ ಹವಾಮಾನಕ್ಕೂ ಸಂಬಂಧ ಇಲ್ಲ ಅನ್ನೋದು ಒಂದು, ಅಷ್ಟು ದೊಡ್ಡ ತೆರೆ ತೋರಿಸಿದರೆ ನಮ್ಮ ಸಣ್ಣ ತೆರೆ ಇನ್ನೂ ಸಣ್ಣದಾಗಿ ಕಾಣುತ್ತೆ ಅನ್ನೋದು ಇನ್ನೊಂದು. ಒಂದು ಮನೆ, ಒಂದು ಬಾವಿ, ಒಂದು ಅರ್ಜಿ. ಆ ಅರ್ಜಿ ಗ್ರಾಮ ಪಂಚಾಯಿತಿಯಿಂದ ಎಲ್ಲಿಗೆ ಹೋಯ್ತು, ಯಾವ ಮೇಜಿನ ಮೇಲೆ ಎಷ್ಟು ಮಳೆಗಾಲ ಕೂತಿತ್ತು. ಇದನ್ನು ಜನ ನೋಡ್ತಾರಾ ಅಂತ ಮೆಕ್ಯಾನಿಕಲ್‌ನ ಒಬ್ಬ ಕೇಳಿದ. ಕೋರ್ಟಿನ ಸಿನಿಮಾ ನೋಡ್ತಾರೆ, ಕ್ರಿಕೆಟ್ ಸಿನಿಮಾ ನೋಡ್ತಾರೆ, ಫೈಲಿನ ಸಿನಿಮಾ ಯಾಕೆ ನೋಡಲ್ಲ? ಸರಿಯಾಗಿ ಮಾಡಿದರೆ ನೋಡ್ತಾರೆ. ಕುಂದಗನ್ನಡದಲ್ಲಿ ಮಾಡಿದರೆ ನಗುತ್ತಲೂ ನೋಡ್ತಾರೆ. ಮುಖ್ಯ ಅಂದ್ರೆ ಕೊನೆಗೆ ಬೇಡಿಕೆ ಒಂದು ಇರಬೇಕು, ಕೈಗೆ ಸಿಗುವಂಥದ್ದು: ಈ ಕಿಲೋಮೀಟರಿನಲ್ಲಿ, ಈ ವರ್ಷ, ಮಳೆಗೆ ಮೊದಲು. ದೈವ ನರ್ತಕರಿಗೆ ಮೂರು ವಾರದಲ್ಲಿ ಕೊಟ್ಟ ಸರ್ಕಾರಕ್ಕೆ ಬಾಯಿ ತೆರೆದು ಕೇಳೋಕೆ ನಮ್ಮ ಹತ್ತಿರ ಏನಿದೆ ಅಂತ ನಾವೇ ಬರೆದಿಟ್ಟಿಲ್ಲ.

ಚರ್ಚೆ ಮುಗಿದು ಪ್ರೊಜೆಕ್ಟರ್ ಆಫ್ ಮಾಡುವಾಗ ಆ ಮರವಂತೆ ಹುಡುಗ ಫೋನ್ ತೆಗೆದು ತೋರಿಸಿದ. ಮನೆಯ ಹಿಂದಿನ ಒಂದು ತೆಂಗಿನಮರ. ತೌಕ್ತೆ ಬಂದ ವರ್ಷದಿಂದ ಪ್ರತಿ ಮಳೆಗಾಲಕ್ಕೆ ಮೊದಲು, ಆಮೇಲೆ, ಅದೇ ಜಗುಲಿಯಲ್ಲಿ ನಿಂತು ತೆಗೆದ ಫೋಟೋಗಳು. ಮೊದಲನೆಯದರಲ್ಲಿ ಮರದ ಆಚೆ ಬಲೆ ಒಣಗಿಸುವಷ್ಟು ಜಾಗ ಇದೆ. ನಾಲ್ಕನೆಯದರಲ್ಲಿ ಬೇರು ಕಾಣ್ತದೆ. ಕೊನೆಯದರಲ್ಲಿ ಮರ ಇಲ್ಲ. ಯಾಕೆ ತೆಗೆದಿಟ್ಟದ್ದು ಅಂತ ಕೇಳಿದ್ವಿ. “ಅಜ್ಜ ಹೇಳಿದ್ರ್, ಕೇಂಬುಕೆ ಬಂದವ್ರಿಗೆ ತೋರ್ಸುಕೆ ಬೇಕಲ್ದಾ ಅಂದೇಳಿ.” ಕೇಳೋಕೆ ಯಾರಾದರೂ ಬಂದ್ರಾ ಅಂದ್ವಿ. ಅವನು ನಕ್ಕ.

ಮುಂದಿನ ಸಿನಿಮಾ ಸಂಜೆಯಲ್ಲಿ ಮೊದಲ ಐದು ನಿಮಿಷ ಆ ಫೋಟೋಗಳನ್ನು ದೊಡ್ಡ ಪರದೆಗೆ ಹಾಕ್ತೇವೆ. ನಿಮ್ಮ ಮನೆ ಹಿಂದೆಯೂ ಅಂಥ ಮರ, ಬಾವಿ, ಗದ್ದೆಯ ಅಂಚು ಇದ್ದರೆ, ಹಳೆಯ ಫೋಟೋ ಇದ್ದರೆ ತನ್ನಿ. ಮದುವೆ ಆಲ್ಬಮ್ಮಿನ ಹಿಂದೆ ಕಂಡ ಕಡಲೂ ಆದೀತು. ಇಸವಿ ಮಾತ್ರ ಬರೆದು ತನ್ನಿ.